ನಗಲೂ ಆಗದೆ, ಅಳಲೂ ಆಗದೆ: ಸಭೆಯ ನಡುವೆ ಒಂಟಿಯಾದವರ ಪ್ರಕರಣ

ಇದನ್ನು ಬರೆಯಲು ಅವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು ಅವರು. ಹಾಗಾಗಿ ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡು ಒಂದು ವರ್ಷ ದಾಟಿತ್ತು.

ದುಃಖ ಹೇಳಿಕೊಳ್ಳಬೇಕು ಅಂತ ಅವರು ಬಂದಿರಲಿಲ್ಲ. ಹೊಟ್ಟೆ ಉರಿ, ಎದೆ ಬಿಗಿತ, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿದ್ದರು. ದೊಡ್ಡ ಕಾಯಿಲೆ ಏನೂ ಕಾಣದಿದ್ದಾಗ ಆಪ್ತಸಲಹೆಗೆ ನನ್ನ ಕಡೆ ಕಳಿಸಿದ್ದರು. ಏನು ಕೇಳಿದರೂ ಮೇಷ್ಟ್ರ ಉತ್ತರ ಒಂದೇ: "ದೇವರ ಕೃಪೆ, ಚೆನ್ನಾಗಿದೀನಿ." ಹೇಳುವಾಗ ಮುಖದಲ್ಲಿ ಒಂದು ನಗುವೂ ಇರುತ್ತಿತ್ತು. ಆ ನಗು ಕಣ್ಣಿನವರೆಗೆ ಬರುತ್ತಿರಲಿಲ್ಲ.

ಸಭೆಗೆ, ಅಂದರೆ ಚರ್ಚಿಗೆ, ಹೋಗುವುದನ್ನು ಬಿಟ್ಟಿದ್ದಾರೆ ಅಂತ ಗೊತ್ತಾದದ್ದು ಆಮೇಲೆ. ಯಾಕೆ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಒಂದು ಭಾನುವಾರದ ಸಂಗತಿ ಹೇಳಿದರು. ಅವತ್ತು ಬೈಬಲಿನ ಯೋನನ ಕಥೆ, ದೊಡ್ಡ ಮೀನು ನುಂಗಿದ ಪ್ರವಾದಿಯದು. "ಮೀನಿನ ಹೊಟ್ಟೆಯಲ್ಲಿ ಯೋನ ಮೂರು ದಿನ ಏನು ಮಾಡಿದ?" ಅಂತ ಮಕ್ಕಳನ್ನು ಕೇಳಿದರಂತೆ. ಪ್ರಾರ್ಥನೆ ಮಾಡಿದ ಅನ್ನೋ ಉತ್ತರ ಬರಬೇಕಿತ್ತು. ಒಬ್ಬ ಚಿಕ್ಕ ಹುಡುಗ ಎದ್ದು ನಿಂತು, "ಮೀನಿಗೆ ಹೊಟ್ಟೆನೋವು ಬರಿಸಿದ ಸಾರ್" ಅಂದ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹೆಂಡತಿ ಹೋದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ಹಿರಿಯ ಹೆಂಗಸೊಬ್ಬರು, "ಪರವಾಗಿಲ್ಲ ಮೇಷ್ಟ್ರೇ, ಬೇಗ ಸುಧಾರಿಸಿಕೊಂಡ್ರಿ" ಅಂದರು. ಅಷ್ಟೇ ಮಾತು. ಆದರೆ ಅದರೊಳಗಿನ ಚುಚ್ಚು ಅವರಿಗೆ ಚೆನ್ನಾಗಿ ಅರ್ಥವಾಯಿತು. ಅದಾದ ಮೇಲೆ ಅವರು ಸಂಡೇ ಸ್ಕೂಲಿಗೆ ಹೋಗಲಿಲ್ಲ.

ಇನ್ನೊಂದು ಕಡೆಯಿಂದಲೂ ಅವರಿಗೆ ಏಟು ಬಿದ್ದಿತ್ತು. ಹೆಂಡತಿ ತೀರಿಕೊಂಡ ಹೊಸದರಲ್ಲಿ ಆರಾಧನೆಯ ನಡುವೆ ಅತ್ತಿದ್ದರು. ಆಗ ಒಬ್ಬ ಸಹೋದರರು ಪಕ್ಕಕ್ಕೆ ಕರೆದು, ವಿಶ್ವಾಸಿಗಳು ಹೀಗೆ ಕುಗ್ಗಬಾರದು, ಕರ್ತನಲ್ಲಿ ಯಾವಾಗಲೂ ಸಂತೋಷಿಸಬೇಕು ಅಂತ ಬುದ್ಧಿ ಹೇಳಿದ್ದರು. ಅತ್ತರೆ ನಂಬಿಕೆ ಕಡಿಮೆ. ನಕ್ಕರೆ ಪ್ರೀತಿ ಕಡಿಮೆ. ಹಾಗಾದರೆ ಮನುಷ್ಯ ಯಾವ ಮುಖ ಹೊತ್ತು ದೇವರ ಮನೆಗೆ ಹೋಗಬೇಕು?

ಅವರ ಹೊಟ್ಟೆ ಉರಿಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅಳುವನ್ನೂ ನಗುವನ್ನೂ ಎರಡನ್ನೂ ನುಂಗಿಕೊಂಡು ಬದುಕುವುದು ದೇಹಕ್ಕೆ ಸಣ್ಣ ಕೆಲಸವಲ್ಲ.

ಮೊದಲು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ. ಬದುಕು ಸಾಕು ಅನ್ನಿಸುತ್ತಾ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ? ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಸಭೆಗಳಲ್ಲಿ ತುಂಬ ಜನ ಹೆದರುತ್ತಾರೆ. ಹಾಗೇನಿಲ್ಲ. ನೇರವಾಗಿ, ಮೆತ್ತಗೆ ಕೇಳಬೇಕು. ಬೆಳಿಗ್ಗೆ ಏಳದಿದ್ದರೂ ಪರವಾಗಿಲ್ಲ ಅಂತ ಕೆಲವು ರಾತ್ರಿ ಅನ್ನಿಸಿದ್ದುಂಟು, ಅದಕ್ಕಿಂತ ಮುಂದೆ ಹೋಗಿಲ್ಲ ಅಂದರು. ಆ ಯೋಚನೆ ಜಾಸ್ತಿಯಾದರೆ ಯಾವ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಅವತ್ತೇ ಇಬ್ಬರೂ ಕೂತು ಬರೆದಿಟ್ಟೆವು.

ಇದು ದೀರ್ಘ ದುಃಖದ ಕಾಯಿಲೆಯಾ ಅಂತಲೂ ನೋಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಅದಕ್ಕೆ ಕನಿಷ್ಠ 6 ತಿಂಗಳ ಗಡುವು ಹೇಳುತ್ತದೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ತಿಂಗಳು ಎಣಿಸಿದರೆ ಮೇಷ್ಟ್ರು ಎರಡನ್ನೂ ದಾಟಿದ್ದರು. ಆದರೆ ಕೆಲಸಕ್ಕೆ ಹೋಗುತ್ತಿದ್ದರು. ಹೆಂಡತಿ ಇಲ್ಲ ಅನ್ನುವುದನ್ನು ಮನಸ್ಸು ಒಪ್ಪಿಕೊಂಡಿತ್ತು. ಅವರ ದುಃಖ ಕೆಟ್ಟು ನಿಂತಿರಲಿಲ್ಲ. ಹೊರಗೆ ಬರಲು ಅದಕ್ಕೆ ಜಾಗ ಸಿಕ್ಕಿರಲಿಲ್ಲ, ಅಷ್ಟೇ. ಹೀಗೆ ಅನ್ನಿಸಿದ್ದರಿಂದ ಹೆಸರು ಅಂಟಿಸುವ ಅವಸರ ಮಾಡಲಿಲ್ಲ.

ನಿಜವಾದ ತಿರುವು ಬಂದದ್ದು ಹೆಂಡತಿಯ ಸ್ವಭಾವ ಹೇಗಿತ್ತು ಅಂತ ಕೇಳಿದ ದಿನ. ಆಕೆಯ ಕಾಯಿಲೆಯ ಬಗ್ಗೆ ಎಲ್ಲರೂ ಕೇಳಿದ್ದರು, ಆಕೆಯ ಬಗ್ಗೆ ಯಾರೂ ಕೇಳಿರಲಿಲ್ಲ. "ಅವಳು ನಗಿಸೋಳು. ನಾನು ನಗೋನು" ಅಂದರು. ಆಮೇಲೆ, ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಆಸ್ಪತ್ರೆಯಲ್ಲಿ ಕೊನೆಯ ವಾರಗಳು. ಪ್ರಾರ್ಥನಾ ತಂಡದವರು ಮಂಚದ ಸುತ್ತ ನಿಂತಿದ್ದಾರೆ. ಪ್ರಾರ್ಥನೆ ಮುಗಿಯುತ್ತಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಆಕೆ ಗಂಡನ ಕೈ ಹಿಸುಕಿ ಪಿಸುಗುಟ್ಟಿದರಂತೆ: "ರೀ, ಇವ್ರು ಆಮೆನ್ ಅನ್ನೋದ್ರೊಳಗೆ ನಾನೇ ಹೊರಟ್‌ಬಿಡ್ತೀನಿ ನೋಡಿ."

ಇದನ್ನು ಹೇಳುತ್ತ ಮೇಷ್ಟ್ರು ನಕ್ಕರು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ನಾನು ತಡೆಯಲಿಲ್ಲ. ಸಮಾಧಾನ ಮಾಡಲಿಕ್ಕೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇದು ತಪ್ಪಲ್ವಾ?" ಅಂತ ಕೇಳಿದರು.

ಅಲ್ಲ. ಡಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಎಂಬ ಮನೋವಿಜ್ಞಾನಿಗಳು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಳಸಂಗಾತಿಯನ್ನು ಕಳೆದುಕೊಂಡವರನ್ನು ಸುಮಾರು ಆರು ತಿಂಗಳ ನಂತರ ಮಾತಾಡಿಸಿ, ಅವರ ಮುಖವನ್ನು ಗಮನಿಸಿದ್ದರು. ತೀರಿಕೊಂಡವರ ಬಗ್ಗೆ ಮಾತಾಡುವಾಗ ಕಣ್ಣೂ ಸೇರಿದ ನಿಜವಾದ ನಗು ಯಾರಿಗೆ ಬಂತೋ, ಅವರ ಸಂಕಟ ಕಡಿಮೆ ಇತ್ತು. ಉಳಿದವರ ಜೊತೆಗಿನ ಸಂಬಂಧವೂ ಚೆನ್ನಾಗಿತ್ತು. ನಕ್ಕಿದ್ದರಿಂದಲೇ ಸುಧಾರಿಸಿದರು ಅಂತ ಇದರಿಂದ ಹೇಳಲಾಗದು. ಆದರೆ ನಗು ಬಂದರೆ ಪ್ರೀತಿ ಮರೆತಂತೆ ಅನ್ನುವ ಮಾತು ಸುಳ್ಳು ಅಂತ ಧೈರ್ಯವಾಗಿ ಹೇಳಬಹುದು. ಮೇಷ್ಟ್ರಿಗೆ ಇದನ್ನೇ ಹೇಳಿದೆ. ಆ ನಗುವನ್ನು ನಿಮಗೆ ಕೊಟ್ಟು ಹೋದವರು ನಿಮ್ಮ ಹೆಂಡತಿಯೇ ಅಂತಲೂ ಹೇಳಿದೆ.

ಇಷ್ಟಾದ ಮೇಲೆ ಒಳಗಿನ ದೊಡ್ಡ ಗಾಯ ಹೊರಗೆ ಬಂತು. ಹೆಂಡತಿ ಬದುಕಿದ್ದಾಗ ಪ್ರಾರ್ಥನಾ ಕೂಟದಲ್ಲಿ ಒಬ್ಬರು, ಸಂಪೂರ್ಣ ಗುಣವಾಗಿದೆ ಅಂತ ಕರ್ತನು ತೋರಿಸಿದ್ದಾನೆ ಎಂದು ಎಲ್ಲರ ಮುಂದೆ ಸಾರಿದ್ದರು. ಸಾವಿನ ನಂತರ ಅದೇ ಬಾಯಿಂದ, ಮನೆಯವರ ನಂಬಿಕೆಯಲ್ಲೇ ಏನೋ ಕೊರತೆ ಇತ್ತೇನೋ ಅನ್ನುವ ಮಾತು ಬಂತು. ಇನ್ನೊಬ್ಬರು, ನಗುವಿನಿಂದ ಎಂಥ ಕಾಯಿಲೆಯೂ ವಾಸಿಯಾಗುತ್ತೆ, ಅವರನ್ನು ಇನ್ನೂ ಖುಷಿಯಾಗಿ ಇಟ್ಟುಕೊಳ್ಳಬೇಕಿತ್ತು ಅಂದರಂತೆ. ಈ ಮಾತು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ನಗುವಿನ ಬಗೆಗಿನ ಮಾತು ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತು. ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಸಂಪಾದಕರು 1976ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆದರು. ಕೀಲು, ಬೆನ್ನುಮೂಳೆಯ ನೋವಿನಲ್ಲಿ ಹತ್ತು ನಿಮಿಷ ಹೊಟ್ಟೆ ಹುಣ್ಣಾಗುವಂತೆ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಸಿಗುತ್ತಿತ್ತು ಅಂದರು. ಅದು ಒಬ್ಬರ ಅನುಭವ. ಅವರು ಹೆಚ್ಚು ಪ್ರಮಾಣದಲ್ಲಿ ವಿಟಮಿನ್ ಸಿ ಕೂಡ ತೆಗೆದುಕೊಂಡಿದ್ದರು. 2012ರಲ್ಲಿ ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು, ಜನರ ಜೊತೆ ಕೂಡಿ ನಕ್ಕ ಮೇಲೆ ನೋವು ತಡೆಯುವ ಶಕ್ತಿ ಸ್ವಲ್ಪ ಹೆಚ್ಚುತ್ತದೆ ಅಂತ ತೋರಿಸಿದರು. ಇಷ್ಟು ನಿಜ. ಕ್ಯಾನ್ಸರ್ ಗಡ್ಡೆ ನಗುವಿಗೆ ಕರಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ನಂಬಿಕೆಯ ವಿಷಯದಲ್ಲೂ ಇದೇ ಆಗುತ್ತದೆ. ನಂಬಿಕೆಯನ್ನೂ ನಗುವನ್ನೂ ಇಷ್ಟು ಹಾಕಿದರೆ ಅಷ್ಟು ಗುಣ ಅನ್ನುವ ಲೆಕ್ಕಕ್ಕೆ ಇಳಿಸಿದರೆ, ಗುಣವಾಗದವರ ತಲೆಯ ಮೇಲೆ ಅಪರಾಧ ಬಂದು ಕೂರುತ್ತದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಸಂಕಟ, ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲಲಿಲ್ಲ ಅಂತ ಯಾರಾದರೂ ಅಂದಿದ್ದಾರಾ? ಸಂತೋಷಿಸಿರಿ ಅಂತ ಅವನು ಬರೆದ ಫಿಲಿಪ್ಪಿಯವರ ಪತ್ರದಲ್ಲೇ ಅವನ ಜೊತೆಗಾರ ಎಪಫ್ರೊದೀತನ ಕಾಯಿಲೆಯ ಮಾತೂ ಇದೆ. ಆತ ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅಂತ ಪೌಲನೇ ಹೇಳುತ್ತಾನೆ. ಮೇಷ್ಟ್ರಿಗೆ ಬುದ್ಧಿ ಹೇಳಿದ ಸಹೋದರರು ನಾಲ್ಕನೇ ಅಧ್ಯಾಯ ತೋರಿಸಿದ್ದರು. ನಾವಿಬ್ಬರೂ ಎರಡನೇ ಅಧ್ಯಾಯ ಓದಿದೆವು.

ಅವರಿಗೆ ನಾನು ಹೇಳಿದ ಮೊದಲ ಕೆಲಸ, ಡಾಕ್ಟರ ಹತ್ತಿರ ವಾಪಸ್ ಹೋಗುವುದು. ನಿದ್ದೆಗೆ ಕೊಟ್ಟ ಮಾತ್ರೆಯನ್ನು ಅವರು ಹೇಳದೆ ಕೇಳದೆ ನಿಲ್ಲಿಸಿದ್ದರು. ಮಾತ್ರೆ ನುಂಗಿದರೆ ದೇವರನ್ನು ನಂಬದ ಹಾಗೆ ಅಂತ ಯಾರೋ ತಲೆಗೆ ಹಾಕಿದ್ದರು. ಬೈಬಲಿನಲ್ಲಿ ಕಾಯಿಲೆ ಬಿದ್ದ ಹಿಜ್ಕೀಯ ರಾಜನ ಕಥೆ ನೆನಪಿಸಿದೆ. ಅವನು ಅತ್ತು ಪ್ರಾರ್ಥಿಸಿದ, ಗುಣಮಾಡುತ್ತೇನೆ ಅಂತ ದೇವರ ಮಾತೂ ಬಂತು. ಆದರೂ ಪ್ರವಾದಿ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪ್ರಾರ್ಥನೆ ಮತ್ತು ಔಷಧ ಒಂದೇ ಕೋಣೆಯಲ್ಲಿದ್ದವು. ಮಾತ್ರೆ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಡಾಕ್ಟರನ್ನು ಕೇಳಿಯೇ ಆಗಬೇಕು ಅಂತ ಖಡಾಖಂಡಿತವಾಗಿ ಹೇಳಿದೆ.

ಆಮೇಲೆ ಬೈಬಲಿನ ಕೀರ್ತನೆಗಳು. ಆರಾಧನೆಯಲ್ಲಿ ಹಾಡುವವನ್ನು ಬಿಟ್ಟು, ಗೋಳಾಡುವ ಕೀರ್ತನೆಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಲು ಹೇಳಿದೆ. 13 ಓದಿ, ಆಮೇಲೆ 88 ಓದಿ ಅಂದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. "ಇದನ್ನು ನಮ್ಮ ಸಭೆಯಲ್ಲಿ ಓದಿದ್ದು ನಾನು ಕೇಳೇ ಇಲ್ಲ" ಅಂದರು ಮೇಷ್ಟ್ರು. ದೇವರ ಮೇಲೆ ಸಿಟ್ಟಿದ್ದರೆ ಅದನ್ನೂ ಹೇಳಿ ಅಂದೆ. ಆ ಮಾತಿಗೆ ಅವರು ತಕ್ಷಣ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಬೆಳಿಗ್ಗೆ ಎದ್ದು ನಗುವ ವ್ಯಾಯಾಮ ಮಾಡಲಾ ಅಂತ ಕೇಳಿದ್ದರು. ಮೈಗೆ ಹಿತ ಅನ್ನಿಸಿದರೆ ಮಾಡಿ, ತಪ್ಪೇನಿಲ್ಲ. ಆದರೆ ನಿಮಗೆ ಬೇಕಾದದ್ದು ಅದಲ್ಲ ಅಂದೆ. ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ನಗುವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮನುಷ್ಯರು ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಅಂತ ಅವರು ಕಂಡುಕೊಂಡರು. ಮೇಷ್ಟ್ರಿಗೆ ಬೇಕಿದ್ದದ್ದು ಜೊತೆ. ಹೆಂಡತಿಯ ತಮಾಷೆ ಮಾತುಗಳನ್ನು ಹೆದರದೆ ಹೇಳಿಕೊಳ್ಳುವಂಥ ಒಬ್ಬ ಮನುಷ್ಯ. ಯೋಚಿಸಿ ಯೋಚಿಸಿ, ಗಾಯನ ತಂಡದ ಒಬ್ಬ ಹಳೆಯ ಗೆಳೆಯನ ಹೆಸರು ಹೇಳಿದರು. ವಾರಕ್ಕೊಮ್ಮೆ ಅವರ ಜೊತೆ ನಡೆಯುವುದು, ಹೋದವರ ಬಗ್ಗೆ ಮಾತಾಡುವುದು. ಅಳು ಬಂದರೂ ಸರಿ, ನಗು ಬಂದರೂ ಸರಿ.

ಮೇಷ್ಟ್ರ ಒಪ್ಪಿಗೆ ಪಡೆದು ಅವರ ಸಭಾಪಾಲಕರ ಜೊತೆಯೂ ಮಾತಾಡಿದೆ. ಒಳ್ಳೆಯ ಮನುಷ್ಯ. ಸಭೆಯಲ್ಲಿ ನಗು ಜಾಸ್ತಿಯಾದರೆ ಭಕ್ತಿ ಹಗುರವಾಗುತ್ತೆ ಅನ್ನುವ ಅಳುಕು ಅವರಿಗಿತ್ತು. ಆ ಅಳುಕು ಹಳೆಯದು, ಪೂರ್ತಿ ತಪ್ಪೂ ಅಲ್ಲ. ಹಿಂದೆ ಜರ್ಮನ್ ನಾಡುಗಳಲ್ಲಿ ಈಸ್ಟರ್ ಪ್ರಸಂಗದಲ್ಲಿ ಬೋಧಕರು ತಮಾಷೆ ಕಥೆ ಹೇಳಿ ಜನರನ್ನು ನಗಿಸುವ ಪದ್ಧತಿ ಇತ್ತು. ಸಾವು ಸೋತ ದಿನ ನಗದೆ ಇನ್ಯಾವಾಗ ನಗುವುದು ಅನ್ನುವ ಭಾವ. ಆದರೆ ಅದು ಅಶ್ಲೀಲಕ್ಕೂ ಹೋಗುತ್ತಿತ್ತು. 1518ರಲ್ಲಿ ಬಾಸೆಲ್‌ನ ಬೋಧಕ ಎಕೊಲಂಪಾಡಿಯುಸ್ ಅದನ್ನು ಖಂಡಿಸಿ ಬರೆದರು. ನಗು ಬೇಕಾ ಬೇಡವಾ ಅನ್ನುವುದಕ್ಕಿಂತ, ಯಾರ ಖರ್ಚಿನಲ್ಲಿ ನಗುತ್ತಿದ್ದೇವೆ ಅಂತ ಕೇಳಿಕೊಳ್ಳುವುದು ಮುಖ್ಯ ಅಂದೆ. ದುಃಖದಲ್ಲಿರುವವರ ಮುಂದೆ ತಮಾಷೆಯ ಬಾಗಿಲನ್ನು ಅವರೇ ತೆಗೆಯಲಿ. ನಾವು ಹೊರಗಿನಿಂದ ತಳ್ಳಿ ತೆಗೆಯಬಾರದು. ನೊಂದ ಮನಸ್ಸಿನವರ ಮುಂದೆ ಹಾಡು ಹೇಳುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡಂತೆ ಅಂತ ಬೈಬಲಿನ ಜ್ಞಾನೋಕ್ತಿಗಳಲ್ಲೇ ಇದೆ. ಹರ್ಷದ ಹೃದಯ ಒಳ್ಳೆಯ ಔಷಧ ಅಂದದ್ದೂ ಅದೇ ಗ್ರಂಥ.

ಸಭಾಪಾಲಕರು ಎರಡು ಬದಲಾವಣೆಗೆ ಒಪ್ಪಿದರು. ಗುಣವಾಯಿತು ಅಂತ ಯಾರೂ ಡಾಕ್ಟರಿಗಿಂತ ಮೊದಲು ಮೈಕಿನಲ್ಲಿ ಸಾರುವಂತಿಲ್ಲ. ಪ್ರಾರ್ಥನೆ ಮಾಡಲಿ, ಹಿರಿಯರು ಎಣ್ಣೆ ಹಚ್ಚಲಿ, ತೀರ್ಪು ಕೊಡುವುದು ಬೇಡ. ಮತ್ತೆ, ಆ ವರ್ಷ ತೀರಿಕೊಂಡವರನ್ನು ನೆನೆಯುವ ಒಂದು ಸಂಜೆ. ಅದರಲ್ಲಿ ಸದ್ಗುಣಗಳ ಪಟ್ಟಿ ಓದದೆ, ಮನೆಯವರೇ ಅವರ ಬಗ್ಗೆ ಒಂದೊಂದು ಸಂಗತಿ ಹೇಳುವುದು. ಮೇಷ್ಟ್ರು ಅಲ್ಲಿ ಆಮೆನ್ ಸಂಗತಿಯನ್ನೇ ಹೇಳಿದರು. ಪ್ರಾರ್ಥನಾ ತಂಡದವರೇ ಎಲ್ಲರಿಗಿಂತ ಜೋರಾಗಿ ನಕ್ಕರಂತೆ, ಕಣ್ಣೊರೆಸಿಕೊಂಡರಂತೆ. ಅಳುವವರ ಸಂಗಡ ಅಳಿರಿ, ಸಂತೋಷಪಡುವವರ ಸಂಗಡ ಸಂತೋಷಪಡಿರಿ ಅನ್ನುವ ಮಾತು ಒಂದೇ ಗಳಿಗೆಯಲ್ಲಿ ನಡೆಯಬಹುದು ಅಂತ ನನಗೂ ಅವತ್ತು ಚೆನ್ನಾಗಿ ಮನವರಿಕೆಯಾಯಿತು.

ಎಲ್ಲವೂ ಸರಿಹೋಗಿಲ್ಲ. ಮೇಷ್ಟ್ರು ಮತ್ತೆ ಮಕ್ಕಳಿಗೆ ಪಾಠ ಮಾಡುತ್ತಿದ್ದಾರೆ, ನಿದ್ದೆ ಸುಮಾರಾಗಿ ಬರುತ್ತಿದೆ. ಆದರೆ ಸ್ವಸ್ಥತೆಯ ಪ್ರಾರ್ಥನಾ ಕೂಟದಲ್ಲಿ ಕೂರಲು ಇನ್ನೂ ಆಗುತ್ತಿಲ್ಲ. ಸದ್ಯಕ್ಕೆ ಹೋಗುವುದು ಬೇಡ, ಅದಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ ಅಂತ ಹೇಳಿದ್ದೇನೆ. ಆ ಸಾರಿದ ವ್ಯಕ್ತಿಯನ್ನು ಕ್ಷಮಿಸಬೇಕಾ ಅನ್ನುವ ಪ್ರಶ್ನೆಯನ್ನು ಸಭಾಪಾಲಕರ ಜೊತೆ ಮಾತಾಡುತ್ತಿದ್ದಾರೆ. ಮುಂದೆ ಕ್ರಿಸ್ಮಸ್ ಇದೆ. ಹೆಂಡತಿ ಗಾಯನ ತಂಡದಲ್ಲಿ ಹಾಡುತ್ತಿದ್ದ ರಾತ್ರಿ ಅದು. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರುವುದು ಅಂತ ನಿಶ್ಚಯವಾಗಿದೆ. ಕಷ್ಟವಾದರೆ ಎದ್ದು ಹೊರಗೆ ಹೋಗುತ್ತಾರೆ. ಗೆಳೆಯನಿಗೆ ಮೊದಲೇ ಹೇಳಿಟ್ಟಿದ್ದಾರೆ, ಅವರೂ ಹಿಂದೆಯೇ ಎದ್ದು ಬರುತ್ತಾರೆ. ಆ ವಾರ ನನ್ನನ್ನು ಕಾಣಲು ಸಮಯವನ್ನೂ ಗೊತ್ತು ಮಾಡಿಕೊಂಡಿದ್ದಾರೆ.