ಫೆಲೋಶಿಪ್ ನಿಂತ ಮೇಲೆ ಬರುವ ಹುಡುಗಿಯರು

ನಾನು ಆಪ್ತಸಲಹೆಗಾರ್ತಿ. ಫೆಲೋಶಿಪ್ ಮುಗಿದು ಪಿಎಚ್‌ಡಿ ಅರ್ಧಕ್ಕೆ ನಿಂತ ಇಂಥ ಪ್ರಕರಣ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಧ್ಯ ಕರ್ನಾಟಕದ ಹುಡುಗಿ. ಪಿಯುಸಿಗೆ ಬೆಂಗಳೂರಿಗೆ ಬಂದಾಗ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಫ್ರೆಂಚ್ ತಗೊಂಡಳು, ಅದೇ ಹಿಡಿಸಿಬಿಟ್ಟಿತು. ಎಂಎ, ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ), ಜೆಆರ್‌ಎಫ್ (ಅದರಲ್ಲೇ ಸಿಗುವ ಸಂಶೋಧನಾ ಫೆಲೋಶಿಪ್) ಆಯ್ತು. ಆಮೇಲೆ ಹೊರರಾಜ್ಯದಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಮೇಲೆ ಪಿಎಚ್‌ಡಿ. ಫೆಲೋಶಿಪ್ ಇರೋದು 5 ವರ್ಷ. ಅದು ಮುಗಿದಾಗ ಥೀಸಿಸ್ ಇನ್ನೂ ಮೂರನೇ ಅಧ್ಯಾಯದಲ್ಲೇ ಇತ್ತು. ನಾಚಿಕೆಗೆ ಗೈಡ್ ಕಳಿಸಿದ ಮೇಲ್ ತೆರೆಯೋದನ್ನೇ ಬಿಟ್ಟಿದ್ದಳು. ನಿದ್ದೆ ಇಲ್ಲ. "ಇದೆಲ್ಲ ಯಾರಿಗೆ ಬೇಕು ಮೇಡಂ" ಅನ್ನೋದೊಂದೇ ಮಾತು.

ಮುಂದಿನ ಸಲ ಜೊತೆಗೆ ಅಪ್ಪನೂ ಬಂದರು. ಊರಲ್ಲಿ ದಿನಸಿ ಅಂಗಡಿ. "ನೀವಾದ್ರೂ ಬುದ್ಧಿ ಹೇಳಿ, ಬಿಟ್ಟು ಕೆಲಸಕ್ಕೆ ಸೇರ್ಲಿ" ಅಂದರು. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ನೀನು ಓದಿರೋದರಲ್ಲಿ ಒಂದು ವಿಷಯವನ್ನ ಅಪ್ಪಾಜಿಗೆ ಹೇಳಮ್ಮ, ಥಿಯರಿಯ ಪದ ಒಂದೂ ಬರಬಾರದು ಅಂದೆ.

ತುಂಬಾ ಹೊತ್ತು ಸುಮ್ನಿದ್ದಳು. ಆಮೇಲೆ ಶುರುಮಾಡಿದಳು. 1957ರಲ್ಲಿ ಬಂದ ಬಾರ್ತ್ ಪುಸ್ತಕದಲ್ಲಿ ಬಟ್ಟೆ ಒಗೆಯೋ ಪುಡಿಯ ಜಾಹೀರಾತಿನ ಮೇಲೂ ಒಂದು ಬರಹ ಇದೆ. ನೊರೆ ನೋಡಿದರೆ ಮೃದು, ಸಮೃದ್ಧಿ, ಒಂಥರಾ ಐಷಾರಾಮ ಅನ್ನಿಸುತ್ತೆ, ಪುಡಿಯ ಉಜ್ಜಿ ಸವೆಸೋ ಗುಣ ಅದರ ಹಿಂದೆ ಅಡಗಿಕೊಳ್ಳುತ್ತೆ. ಕೊನೆಗೆ ಅವನು ಹೇಳೋದೇನು ಅಂದ್ರೆ, ಒಂದಕ್ಕೊಂದು ಪೈಪೋಟಿ ಅನ್ನಿಸೋ ಪರ್ಸಿಲ್, ಓಮೋ ಪುಡಿಗಳು ಎರಡೂ ಯೂನಿಲಿವರ್ ಕಂಪನಿಯವೇ.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಅಲ್ಲಮ್ಮಾ, ನಮ್ಮಂಗಡೀಲೂ ಅದೇ ಅಲ್ವಾ? ಸರ್ಫು, ರಿನ್ನು, ವೀಲು ಮೂರೂ ಒಂದೇ ಕಂಪ್ನೀದು. ನೊರೆ ಬರಲ್ಲ ಅಂತ ಪ್ಯಾಕೆಟ್ ವಾಪಸ್ ತರ್ತಾರೆ. ಕೊಳೆ ಹೋಯ್ತಾ ಅಂದ್ರೆ ಹೋಯ್ತು ಅಂತಾರೆ, ಆದ್ರೂ ಬೇಡ!" ಯಾವ ಓಣಿಯವರು ಯಾವುದು ಕೇಳ್ತಾರೆ ಅಂತ ಇವಳು ಕೇಳಿದಳು. ಅವರು ಹೇಳುತ್ತಾ ಹೋದರು, ಇವಳು ಬ್ಯಾಗಿಂದ ಪೆನ್ನು ತೆಗೆದು ಬರೆದುಕೊಳ್ಳುತ್ತಾ ಹೋದಳು. ಉಳಿದ ಸಮಯವೆಲ್ಲ ನಾನು ಬಾಯಿ ಹಾಕಲಿಲ್ಲ.

ನಂತರ ಅವಳೇ ಒಂದು ಮಾತು ತೆಗೆದಳು. ಕ್ಷಯರೋಗದಿಂದ ಬಾರ್ತ್‌ಗೆ ಫ್ರಾನ್ಸಿನ ದೊಡ್ಡ ಅಧ್ಯಾಪಕ ಪರೀಕ್ಷೆ ತಪ್ಪಿತು, ವರ್ಷಗಟ್ಟಲೆ ಸ್ಯಾನಟೋರಿಯಂನಲ್ಲಿ ಇದ್ದ, ಡಾಕ್ಟರೇಟ್ ಕೂಡ ಮುಗಿಸಲಿಲ್ಲ, ಆದರೂ 1977ರಲ್ಲಿ ಪ್ಯಾರಿಸ್ಸಿನ ಪ್ರತಿಷ್ಠಿತ ವಿದ್ಯಾಸಂಸ್ಥೆ ಕೊಲೇಜ್ ದ ಫ್ರಾನ್ಸ್‌ನಲ್ಲಿ ಪಾಠ ಶುರುಮಾಡಿದ ಅಂತ. ನಿಜವೇ. ಆದರೆ ಅಲ್ಲಿ ಪೀಠಕ್ಕೆ ಪದವಿ ಕೇಳುವುದಿಲ್ಲ, ಇಲ್ಲಿ ಕೇಳುತ್ತಾರೆ. ಅವನ ಬದುಕು ನೋಡಿ ನಿನ್ನದನ್ನು ನಿರ್ಧಾರ ಮಾಡಬೇಡ ಅಂದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ನಿದ್ದೆಗೆ ಡಾಕ್ಟರ್ ನೋಡು. ಗೈಡ್‌ಗೆ ಕಾರಣ ಹೇಳದೆ, ಕ್ಷಮೆಯ ಪುರಾಣ ಬರೆಯದೆ ಮೂರು ಸಾಲಿನ ಮೇಲ್ ಹಾಕು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ 6 ವರ್ಷ, ಮರುನೋಂದಣಿ ಆದರೆ ಇನ್ನು 2, ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷದ ವಿನಾಯಿತಿಗೆ ಅವಕಾಶ ಇದೆ. ನಿನಗೆ ಏನು ಅನ್ವಯ ಅಂತ ವಿಭಾಗದಲ್ಲಿ ಬರಹದಲ್ಲಿ ಕೇಳು. ಜುಲೈ 2023ರಿಂದ ನೆಟ್ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ಆದರೆ ಫ್ರೆಂಚ್‌ನಲ್ಲಿ ಹುದ್ದೆಗಳು ಕಡಿಮೆ, ಹಾಗಾಗಿ ಅನುವಾದವೋ ಶಾಲೆಯ ಪಾಠವೋ ಅರ್ಧ ದಿನದ ಕೆಲಸ ಹಿಡಿ, ಉಳಿದರ್ಧ ಥೀಸಿಸ್‌ಗೆ.

ಆಪ್ತಸಲಹೆಗಾರರು ಇಷ್ಟು ನೇರವಾಗಿ ಹೇಳಬಾರದು ಅನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಮ ಗೊತ್ತಿಲ್ಲದ್ದಕ್ಕೇ ಅರ್ಧ ಭಯ ಅಂತಾದರೆ, ನಿಯಮ ಹೇಳುವುದೂ ನಮ್ಮ ಕೆಲಸವೇ. "ಇಷ್ಟ ಬಂದದ್ದನ್ನೇ ಮಾಡು" ಅಂತ ನಾನು ಹೇಳುವುದಿಲ್ಲ, ಬಾಡಿಗೆ ಕಟ್ಟೋರು ಯಾರು? "ಸಾಹಿತ್ಯ ಬಿಟ್ಟುಬಿಡು" ಅಂತಲೂ ಹೇಳುವುದಿಲ್ಲ. ಇಷ್ಟು ವರ್ಷ ಓದಿದವಳಿಗೆ ಅದು ದಂಡ ಅಂತ ನಾವೇ ಮುದ್ರೆ ಒತ್ತಿದರೆ ಅವಳು ಆಮೇಲೆ ಯಾವ ಕೆಲಸದಲ್ಲಿ ನೆಮ್ಮದಿಯಾಗಿ ಇದ್ದಾಳು?

ಮರುನೋಂದಣಿ ಆಗಿದೆ. ಗೈಡ್ ಒಂದು ಅಧ್ಯಾಯ ಕೈಬಿಡಲು ಒಪ್ಪಿದ್ದಾರೆ. ಪೂರ್ತಿ ಸಂಬಳದ ಕೆಲಸ ಮೊದಲು ಅನ್ನುವ ಅಪ್ಪನ ಹಟ ಹಾಗೇ ಇದೆ, ಆ ಜಗಳ ಇಬ್ಬರ ಮಧ್ಯೆ ಇನ್ನೂ ನಡೀತಿದೆ.