ಸಣ್ಣ ಊರಿನ ಕೊರಿಯನ್ ಅಂಗಡಿಯಲ್ಲಿ ಸಸ್ಯಾಹಾರಿಗಳು ಏನೇನು ಕೊಳ್ಳಬಹುದು?

ಅಮೆರಿಕದ ಸಣ್ಣ ಊರು, ಹತ್ತಿರದಲ್ಲಿ ಭಾರತೀಯ ಅಂಗಡಿಯಿಲ್ಲ, ಇರುವುದೊಂದು ಪುಟ್ಟ ಕೊರಿಯನ್ ಅಂಗಡಿ, ಮನೆಯವರೆಲ್ಲ ಸಸ್ಯಾಹಾರಿಗಳು ಎಂದಿದ್ದೀರಿ. ಧೈರ್ಯವಾಗಿ ಹೋಗಿ.

ತರಕಾರಿ ಯಾವ ದಿನ ಬರುತ್ತದೆಂದು ಮೊದಲು ಕೇಳಿಕೊಳ್ಳಿ. ಇಂಥ ಅಂಗಡಿಗಳಿಗೆ ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲವಷ್ಟೇ ಸರಕು ಬರುವುದು. ಅಂದೇ ಹೋದರೆ ಸೋಯಾ ಮೊಳಕೆ, ತೋಫು, ಮೂಲಂಗಿ ತಾಜಾ ಸಿಗುತ್ತವೆ. ಕೊರಿಯನ್ ಮೂಲಂಗಿ ದಪ್ಪಗೆ, ತಲೆಯ ಕಡೆ ಹಸಿರಾಗಿರುತ್ತದೆ. ಎತ್ತಿ ನೋಡಿ, ಹಗುರ ಅನಿಸಿದರೆ ಒಳಗೆ ಬೆಂಡು. ಗಟ್ಟಿಯಾಗಿದ್ದರೆ ಹುಳಿಗೆ ಬಲು ಚೆಂದ.

ಮೆಣಸಿನ ಪುಡಿಗೆ 'ಗೋಚುಗಾರು' ಎನ್ನುತ್ತಾರೆ. ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ತರಿಯಾದದ್ದು ಕೊರಿಯನ್ನರ ಖಾರದ ತರಕಾರಿ ಉಪ್ಪಿನಕಾಯಿ 'ಕಿಮ್ಚಿ'ಗೆ; ಸಾರು, ಪಲ್ಯಕ್ಕೆ ನುಣ್ಣಗಿನದು ತನ್ನಿ. 1 ಕಿಲೋ ಅಗ್ಗವೆಂದು ಆಸೆಪಡಬೇಡಿ, ಹೊರಗಿಟ್ಟರೆ ಬಣ್ಣ ಕಂದುತ್ತದೆ. 500 ಗ್ರಾಂ ತಂದು ಫ್ರೀಜರಿನಲ್ಲಿಡಿ.

ಎಚ್ಚರ ಬೇಕಾದದ್ದು ಕಿಮ್ಚಿಯ ವಿಷಯದಲ್ಲಿ. ನೋಡಲು ಬರೀ ಎಲೆಕೋಸು, ಆದರೆ ಹೆಚ್ಚಿನವುಗಳಲ್ಲಿ ಮೀನಿನ ಸಾಸ್ ಅಥವಾ ಉಪ್ಪಲ್ಲಿ ಕಳಿತ ಸೀಗಡಿ ಇರುತ್ತದೆ. ಅಮೆರಿಕದ ಕಾನೂನಿನಂತೆ ಪೊಟ್ಟಣದ ಮೇಲೆ ಮೀನು, ಸೀಗಡಿಯನ್ನು ಅಲರ್ಜಿಯ ಪದಾರ್ಥಗಳೆಂದು ಕಾಣಿಸಲೇಬೇಕು. ಗೋಮಾಂಸ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನೂಡಲ್ಸ್ ಕೊಳ್ಳುವಾಗ ಅಲರ್ಜಿಯ ಪದಾರ್ಥ ಹೇಳುವ 'ಕಂಟೇನ್ಸ್' ಸಾಲಿಗೇ ನಿಲ್ಲದೆ ಇಡೀ ಪದಾರ್ಥಪಟ್ಟಿ ಓದಿ. ಕೊರಿಯನ್ ಲೇಬಲ್ಲಿನಲ್ಲೂ ಇಂಥದೇ ತೊಡಕು: ಅಲ್ಲಿನ ಅಲರ್ಜಿ ಪಟ್ಟಿಯಲ್ಲಿ ಸೀಗಡಿ, ದನದ ಮಾಂಸ ಉಂಟು, ಕಿಮ್ಚಿಗೆ ಬೀಳುವ ಬೂತಾಯಿಯಂಥ ಸಣ್ಣ ಮೀನು 'ಮ್ಯೊಲ್ಚಿ' ಇಲ್ಲ. ಸ್ಟ್ಯೂಗೆಂದೇ ಮಾಡಿದ ಸೋಯಾ ಪೇಸ್ಟ್ 'ದ್ವೆಂಜಾಂಗ್'ನಲ್ಲೂ ಅದು ಸೇರಿರಬಹುದು. ಅಂಗಡಿಯಲ್ಲೇ ಮಾಡಿದ ಪಲ್ಯಗಳ ಬಗ್ಗೆ "ವೆಜ್ಜಾ?" ಎಂದರೆ ಸಾಲದು. ಮಾಂಸವಿಲ್ಲವೆಂಬ ಅರ್ಥದಲ್ಲಿ ಹೂಂ ಅಂದುಬಿಡಬಹುದು. ಮೀನಿನ ಸಾಸ್ ಇದೆಯೇ, ಸೀಗಡಿ ಇದೆಯೇ ಎಂದು ಬಿಡಿಬಿಡಿಯಾಗಿ ಕೇಳಿ.

ಕೊರಿಯನ್ ಪೊಟ್ಟಣದ ಮೇಲೆ ತಾರೀಖು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರುತ್ತದೆ. ಮುಂದೆ 'ಕ್ಕಾಜಿ' ಎಂದಿದ್ದರೆ ಅಲ್ಲಿಯವರೆಗೆ ಎಂದರ್ಥ. ಫೋನಿನ ಅನುವಾದದ ಕ್ಯಾಮೆರಾ ಹಿಡಿದರೆ ಗೊತ್ತಾಗುತ್ತದೆ.

ಎಳ್ಳೆಣ್ಣೆ ಹುರಿದ ಎಳ್ಳಿನದು, ಒಗ್ಗರಣೆಗಲ್ಲ; ಒಲೆ ಆರಿಸಿದ ಮೇಲೆ ಅರ್ಧ ಚಮಚ ಸಾಕು. 'ವೈಲ್ಡ್ ಸೆಸಮಿ' ಎಂದು ಬರೆದದ್ದು ಪೆರಿಲ್ಲಾ ಎಂಬ ಬೇರೆಯೇ ಗಿಡದ ಬೀಜ, ಎಳ್ಳೂ ಅಲ್ಲ ಹುಚ್ಚೆಳ್ಳೂ ಅಲ್ಲ. ಅದರ ಎಣ್ಣೆ ಬೇಗ ಕಮಟುತ್ತದೆ. ಇದ್ದುದರಲ್ಲೇ ಚಿಕ್ಕ ಬಾಟಲಿ ಆರಿಸಿ, ತೆರೆದ ಕೂಡಲೇ ಫ್ರಿಜ್ಜಿಗೆ ಸೇರಿಸಿ.