5 ವರ್ಷದ ಕರಾರು, 15 ದಿನದ ನೋಟಿಸು

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: 320 ಚದರ ಅಡಿಯ ಮಳಿಗೆಯಲ್ಲಿ ಪಾತ್ರೆ ಅಂಗಡಿ ಇಟ್ಟು ಮೂರು ವರ್ಷವಾಯಿತು. 5 ವರ್ಷಕ್ಕೆಂದು ಛಾಪಾ ಕಾಗದದ ಮೇಲೆ ಕರಾರು ಬರೆದುಕೊಂಡಿದ್ದೇವೆ, ನೋಂದಣಿ ಮಾಡಿಸಿಲ್ಲ. ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿದ್ದಾರೆಂದು ಮಾಲೀಕರು 15 ದಿನಗಳ ನೋಟಿಸು ಕೊಡಿಸಿ ತಿಂಗಳಾಗಿದೆ. ಖಾಲಿ ಮಾಡದಿದ್ದರೆ ತಾವೇ ಬೀಗ ಜಡಿಯುವುದಾಗಿ ಹೇಳುತ್ತಿದ್ದಾರೆ. ಕರಾರಿಗೆ ಬೆಲೆಯಿಲ್ಲವೇ? ಬಾಡಿಗೆ ಕಾಯ್ದೆ ನನ್ನನ್ನು ಕಾಯುವುದಿಲ್ಲವೇ? ಬಾಡಿಗೆ ನಿಲ್ಲಿಸಿ ಮುಂಗಡದಲ್ಲಿ ಮುರಿದುಕೊಳ್ಳಲೇ?

ಮಾನ್ಯರೇ,

ಬಾಡಿಗೆ ಕಾಯ್ದೆಯ ಮಾತನ್ನು ಮೊದಲು ಮುಗಿಸುತ್ತೇನೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999, ವ್ಯಾಪಾರದ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದ, ಅಂದರೆ ಸುಮಾರು 150 ಚದರ ಅಡಿಯೊಳಗಿನ ಅಂಗಡಿಗಳನ್ನು ಮಾತ್ರ ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿದೆ. ನಿಮ್ಮದು ಅದರ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ.

ಆ ಅಧಿನಿಯಮದ 107ನೆಯ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು. ನೋಂದಣಿಯ ಖರ್ಚು ಉಳಿಯಿತೆಂದು ಎರಡೂ ಕಡೆಯವರು ಸಮಾಧಾನಪಟ್ಟುಕೊಂಡ ದಿನವೇ ನಿಮ್ಮ 5 ವರ್ಷದ ಭರವಸೆ ಕಳಚಿಹೋಗಿತ್ತು ಎಂದು ಬರೆಯಲು ನನಗೆ ನಿಜಕ್ಕೂ ನೋವಾಗುತ್ತದೆ. ಏಕೆಂದರೆ ನಮ್ಮ ಪೇಟೆಗಳಲ್ಲಿ ಅಲಂಕಾರ, ಕಪಾಟು, ದೀಪಗಳಿಗೆಂದು ಲಕ್ಷಗಟ್ಟಲೆ ಸುರಿದವರೂ ಇಂಥದೇ ಕಾಗದವನ್ನು ನಂಬಿ ಕುಳಿತಿರುತ್ತಾರೆ. ನಿಮ್ಮದರಂತೆಯೇ 5 ವರ್ಷದ, ನೋಂದಣಿಯಾಗದ ಗುತ್ತಿಗೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2000ದಲ್ಲಿ ತೀರ್ಮಾನವಾದ ಆಂಥೊನಿ ಮತ್ತು ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ನಡುವಿನ ಆ ಪ್ರಕರಣದಲ್ಲಿ, ಪತ್ರದಿಂದ 5 ವರ್ಷದ ಗುತ್ತಿಗೆ ಹುಟ್ಟದಿದ್ದರೂ, ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿರುವುದರಿಂದ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಸಂಬಂಧ ಇದ್ದೇ ಇದೆ ಎಂದು ನ್ಯಾಯಾಲಯ ಹೇಳಿತು. ಹಾಗಾಗಿ ನೀವು ಅತಿಕ್ರಮಣಕಾರರೆಂಬ ಮಾತನ್ನು ಯಾರಾದರೂ ಆಡಿದರೆ ಒಪ್ಪಬೇಡಿ. ಆದರೆ ಅಂಥ ತಿಂಗಳ ಬಾಡಿಗೆಯನ್ನು 106ನೆಯ ಕಲಮಿನಡಿ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ನೋಟಿಸಿನಲ್ಲಿ ಒಂದೆರಡು ದಿನ ಕಡಿಮೆಯಾಗಿದೆ ಎಂದು ಹಿಡಿದು ಗೆಲ್ಲುವ ದಾರಿಯನ್ನು 2002ರ ತಿದ್ದುಪಡಿ ಬಹುಮಟ್ಟಿಗೆ ಮುಚ್ಚಿದೆ. ನೋಟಿಸಿನ ನಂತರವೂ ಬಾಡಿಗೆ ಪಡೆದರೆಂಬ ಒಂದೇ ಕಾರಣಕ್ಕೆ ಮಾಲೀಕರು ನೋಟಿಸನ್ನು ಬಿಟ್ಟುಕೊಟ್ಟಂತಾಗುವುದಿಲ್ಲ ಎಂದೂ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟಾದರೂ ಬೀಗ ಜಡಿಯುವ ಹಕ್ಕು ಮಾಲೀಕರಿಗಿಲ್ಲ, ಮತ್ತು ನಿಮ್ಮ ಬಲವೆಲ್ಲ ಇರುವುದು ಇಲ್ಲಿಯೇ. ನೋಟಿಸಿನಿಂದ ಕೊನೆಗೊಳ್ಳುವುದು ಗುತ್ತಿಗೆ. ಸ್ವಾಧೀನ ಬಿಡಿಸಲು ಅವರು ದಾವೆ ಹೂಡಿ ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪಿನ ಆದೇಶ, ಪಡೆಯಲೇಬೇಕು. ಕಾನೂನಿನ ಕ್ರಮವಿಲ್ಲದೆ ಹೊರಹಾಕದಂತೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಕೋರಬಹುದು. ಒಂದು ವೇಳೆ ಬೀಗ ಬಿದ್ದೇಬಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಮಳಿಗೆ ಯಾರದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಈ ಬಲವನ್ನು ಕೆಡಿಸಿಕೊಳ್ಳುವ ನೇರ ದಾರಿಯೆಂದರೆ ಬಾಡಿಗೆ ನಿಲ್ಲಿಸುವುದು. ಮುಂಗಡವು ಖಾಲಿ ಮಾಡುವಾಗ ಲೆಕ್ಕ ತೀರಿಸಿ ಮರಳಿ ಪಡೆಯಬೇಕಾದ ಹಣ. ನೀವಾಗಿಯೇ ಅದರಲ್ಲಿ ಮುರಿದುಕೊಂಡರೆ ಬಾಕಿದಾರರೆಂಬ ಆರೋಪವನ್ನು ಮಾಲೀಕರ ಕೈಗೆ ಕೊಟ್ಟಂತೆ. ಅವರು ನಿರಾಕರಿಸಿದರೂ ತಿಂಗಳು ತಿಂಗಳೂ ಬ್ಯಾಂಕ್ ಖಾತೆಗೆ ಅಥವಾ ಮನಿ ಆರ್ಡರ್ ಮೂಲಕ ಕಳಿಸಿ, ರಸೀದಿಗಳನ್ನು ಜೋಪಾನವಾಗಿಡಿ. ದಾವೆಯನ್ನು ವರ್ಷಗಟ್ಟಲೆ ಎಳೆಯುವ ಆಸೆಯೂ ಬೇಡ. ಡಿಕ್ರಿಯಾದರೆ ನೋಟಿಸಿನ ಗಡುವು ಮುಗಿದಂದಿನಿಂದ ಮಳಿಗೆ ಬಳಸಿದ್ದಕ್ಕೆ, ನೀವು ಕೊಡುತ್ತಿದ್ದ ಬಾಡಿಗೆಯ ಲೆಕ್ಕದಲ್ಲಲ್ಲ, ಪೇಟೆಯ ದರದಲ್ಲಿ ನಷ್ಟ ತುಂಬಿಕೊಡಬೇಕಾಗಬಹುದು.

ನನ್ನ ಅಭಿಪ್ರಾಯದಲ್ಲಿ ನೀವು ಮಾತುಕತೆಗೆ ಕೂರುವುದೇ ಒಳ್ಳೆಯದು. ಮಾಲೀಕರಿಗೂ ದಾವೆಯೆಂದರೆ ಕಾಲ, ಹಣ ಎರಡರ ಖರ್ಚೇ. ಅಷ್ಟರಲ್ಲಿ ಹೆಚ್ಚು ಬಾಡಿಗೆಯ ಆ ಗಿರಾಕಿ ಬೇರೆ ಮಳಿಗೆ ನೋಡಿಕೊಂಡಿರುತ್ತಾನೆ. ಬಾಡಿಗೆಯನ್ನು ಒಂದಿಷ್ಟು ಏರಿಸಲು ಒಪ್ಪಿ, ಪ್ರತಿಯಾಗಿ ಉಳಿದ ಎರಡು ವರ್ಷಕ್ಕೆ ಗುತ್ತಿಗೆ ಪತ್ರ ಕೇಳಿ. ಈ ಬಾರಿ ಅದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಲಿ, ನಡುವೆ ಬಿಡಿಸಕೂಡದ ಅವಧಿಯೂ ಮುಂಗಡ ಮರಳಿಸುವ ದಿನವೂ ಅದರಲ್ಲಿ ಸ್ಪಷ್ಟವಾಗಿರಲಿ. ಅದಕ್ಕೆ ಒಪ್ಪದಿದ್ದರೆ, ಬೇರೆ ಮಳಿಗೆ ಹುಡುಕಲು ಆರು ತಿಂಗಳ ಕಾಲಾವಕಾಶವನ್ನೂ ಖಾಲಿ ಮಾಡುವ ದಿನವೇ ಮುಂಗಡವನ್ನೂ ಬರವಣಿಗೆಯಲ್ಲಿ ಕೇಳಿ.

ನೋಟಿಸಿಗೆ ನೀವು ಇನ್ನೂ ಉತ್ತರ ಕೊಟ್ಟಂತೆ ಕಾಣುವುದಿಲ್ಲ. ಕರಾರು, ನೋಟಿಸು, ಮುಂಗಡ ಕೊಟ್ಟ ದಾಖಲೆ, ಮೂರು ವರ್ಷದ ಬ್ಯಾಂಕ್ ಲೆಕ್ಕ ಇವಿಷ್ಟನ್ನೂ ಈ ವಾರವೇ ನಿಮ್ಮ ಊರಿನ ಸಿವಿಲ್ ವಕೀಲರಿಗೆ ತೋರಿಸಿ, ಬೀಗದ ಬೆದರಿಕೆಯನ್ನು ಹೆಸರಿಸಿಯೇ ಲಿಖಿತ ಉತ್ತರ ಕೊಡಿಸಿ.

– ಸಂಪಾದಕ